ಸ್ಕರ್ಟಿಂಗ್ ಟೈಲ್ಸ್‌ನಲ್ಲಿ ತೂತು ಉಳಿದಿದೆಯೇ? ಹೀಗೆ ಮುಚ್ಚಿ

ಹಳೆಯ ಕೇಬಲ್ ತೆಗೆಸಿದ ಮೇಲೆ ಗೋಡೆ ಬುಡದ ಸ್ಕರ್ಟಿಂಗ್‌ನಲ್ಲಿ ತೂತು ಹಾಗೇ ಉಳಿಯುತ್ತದೆ. ಇರುವೆ, ಜಿರಳೆ ಬರುವುದು ಅಲ್ಲಿಂದಲೇ. ಬಣ್ಣದ ಕೆಲಸದಲ್ಲಿ ಮಿಕ್ಕ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಮೆತ್ತಿ ಸುಮ್ಮನಾಗುವವರೇ ಹೆಚ್ಚು. ಆದರೆ ನೆಲ ಒರೆಸುವ ಒದ್ದೆ ಬಟ್ಟೆ ದಿನಾ ತಾಗುವ ಜಾಗವಿದು. ಪಿಒಪಿ ನೀರು ಕುಡಿದು ಮೆತ್ತಗಾಗಿ ಉದುರುತ್ತದೆ. ಮೇಲ್ಪದರಕ್ಕೆ ಎಪಾಕ್ಸಿಯೇ ಬೇಕು, ಅಂದರೆ ಎರಡು ಭಾಗ ಬೆರೆಸಿದಾಗ ಕಲ್ಲಾಗುವ ಅಂಟು.

ಮೊದಲು ತೂತಿನ ಒಳಗೆ ಟಾರ್ಚ್ ಬಿಟ್ಟು ನೋಡಿ. ವೈರು ಕಂಡರೆ ಮೀಟರ್ ಬೋರ್ಡಿನ ಎಂಸಿಬಿ ಸ್ವಿಚ್ ಆಫ್ ಮಾಡಿ, ಎಲೆಕ್ಟ್ರಿಷಿಯನ್‌ಗೆ ತೋರಿಸದೆ ಮುಂದುವರಿಯಬೇಡಿ. ಸುತ್ತ ಬಿಳಿ ಉಪ್ಪಿನ ಪುಡಿ ಎದ್ದಿದ್ದರೆ ಗೋಡೆಯಲ್ಲಿ ತೇವವಿದೆ ಎಂದರ್ಥ. ಸೋರಿಕೆ ನಿಲ್ಲಿಸದೆ ಏನು ತುಂಬಿದರೂ ನಿಲ್ಲುವುದಿಲ್ಲ.

ಸಡಿಲ ಗಾರೆ, ಪುಡಿಯನ್ನು ಸ್ಕ್ರೂಡ್ರೈವರ್‌ನಿಂದ ಕೆರೆದು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಗುಡಿಸಿ ತೆಗೆಯಿರಿ. ಸುತ್ತಿಗೆ ಮುಟ್ಟಬೇಡಿ, ತೂತಿನ ಅಂಚಿನಿಂದ ಟೈಲ್ಸ್ ಸೀಳುತ್ತದೆ.

ತೂತು ಅರ್ಧ ಇಂಚಿಗಿಂತ ಆಳವಿದ್ದರೆ ಹಿಂದೆ ಗಟ್ಟಿ ಆಸರೆ ಬೇಕು. ಒಳಗೆ ನೀರು ಚಿಮುಕಿಸಿ, ಒಂದು ಪಾಲು ಸಿಮೆಂಟ್‌ಗೆ ಮೂರು ಪಾಲು ಜರಡಿ ಹಿಡಿದ ಮರಳು ಸೇರಿಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವಷ್ಟೇ ನೀರಿನಲ್ಲಿ ಕಲಸಿ ಒತ್ತಿ ತುಂಬಿ. ನೀರು ಹೆಚ್ಚಾದರೆ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಮೇಲೆ 3-4 ಮಿ.ಮೀ. ಖಾಲಿ ಬಿಟ್ಟು ಎರಡು ದಿನ ಒಣಗಲು ಬಿಡಿ. ಹಸಿ ಗಾರೆಗೆ ಎಪಾಕ್ಸಿ ಹಿಡಿಯುವುದಿಲ್ಲ, ಆದ್ದರಿಂದ ಇಲ್ಲಿ ಅವಸರ ಬೇಡ.

ಇನ್ನು ಬಣ್ಣ ಹೊಂದಿಸುವುದು, ಕೆಲಸದ ನಿಜವಾದ ಕುಶಲತೆ ಇರುವುದೇ ಇಲ್ಲಿ. ಅರಾಲ್ಡೈಟ್‌ನಂಥ ಎರಡು ಟ್ಯೂಬಿನ ಅಂಟಿನ ರೆಸಿನ್ ಮತ್ತು ಹಾರ್ಡನರ್ ಅನ್ನು ಪೊಟ್ಟಣದಲ್ಲಿ ಹೇಳಿದ ಪ್ರಮಾಣದಲ್ಲಿ ಮೊದಲು ಚೆನ್ನಾಗಿ ಕಲಸಿ. ಆಮೇಲಷ್ಟೇ ವೈಟ್ ಸಿಮೆಂಟ್, ಚಿಟಿಕೆಯಷ್ಟು ಆಕ್ಸೈಡ್ ಬಣ್ಣ ಸೇರಿಸಿ ಗಟ್ಟಿ ಚಟ್ನಿಯ ಹದಕ್ಕೆ ತನ್ನಿ. ಪುಡಿಯನ್ನು ಮೊದಲೇ ಹಾಕಿದರೆ ಹಾರ್ಡನರ್ ಸಮವಾಗಿ ಬೆರೆಯದೆ ಅಲ್ಲಲ್ಲಿ ಅಂಟಂಟಾಗಿಯೇ ಉಳಿಯುತ್ತದೆ. ಅಂಟಿನಲ್ಲಿ ನೆನೆದ ಪುಡಿಯ ಬಣ್ಣ ಗಾಢವಾಗುವುದರಿಂದ ಒಣ ಪುಡಿಯನ್ನು ಟೈಲ್ಸ್‌ಗಿಂತ ತುಸು ತಿಳಿಯಾಗಿಯೇ ಇಟ್ಟುಕೊಳ್ಳಿ. ಒಡೆದ ಟೈಲ್ಸ್ ಚೂರಿನ ಮೇಲೆ ಸ್ವಲ್ಪ ಹಚ್ಚಿ, ಒಣಗಿಸಿ ನೋಡುವುದು ಒಳ್ಳೆಯದು.

ತೂತಿನ ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿ, ಮಿಶ್ರಣವನ್ನು ಗಾಳಿಗುಳ್ಳೆ ಉಳಿಯದಂತೆ ಒತ್ತಿ, ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲೆ ಬಿಡಿ. ಪೂರ್ತಿ ಕಲ್ಲಾಗುವ ಮುನ್ನ, ರಬ್ಬರಿನಂತೆ ಇರುವಾಗಲೇ ಟೇಪ್ ಕಿತ್ತು ಹೊಸ ಬ್ಲೇಡಿನಿಂದ ಹೆರೆದು ಸಮ ಮಾಡಿ. ಎಮರಿ ಪೇಪರ್ ಉಜ್ಜಿದರೆ ಟೈಲ್ಸ್ ಹೊಳಪಿಗೆ ಗೀರು ಬೀಳುತ್ತದೆ. ಒಂದು ದಿನ ನೀರು ತಾಗಿಸಬೇಡಿ.

ರೆಡ್ ಆಕ್ಸೈಡ್ ಸ್ಕರ್ಟಿಂಗ್ ಆದರೆ ಎಪಾಕ್ಸಿ ಬೇಕಿಲ್ಲ. ಸಿಮೆಂಟ್‌ಗೆ ಆಕ್ಸೈಡ್ ಬೆರೆಸಿ ತುಂಬಿ, ಒಣಗಿದ ಮೇಲೆ ಮೇಣ ಉಜ್ಜಿದರೆ ಸಾಕು.

ತೂತು ರೂಪಾಯಿ ನಾಣ್ಯಕ್ಕಿಂತ ದೊಡ್ಡದಿದ್ದರೆ ಅಥವಾ ಬಿರುಕು ಹರಿದಿದ್ದರೆ ಆ ತುಂಡನ್ನೇ ಬದಲಿಸಿ. ಮನೆ ಕಟ್ಟಿದಾಗ ಉಳಿದ ಟೈಲ್ಸ್ ಅಟ್ಟದಲ್ಲಿದೆಯೇ ನೋಡಿ. ಇಲ್ಲದಿದ್ದರೆ ಹಳೆಯ ಡಬ್ಬದ ಮೇಲಿನ ಶೇಡ್ ನಂಬರ್ ಹಿಡಿದು ಅಂಗಡಿಗೆ ಹೋಗಿ, ಒಂದೇ ಹೆಸರಿನ ಟೈಲ್ಸ್ ಕೂಡ ಬ್ಯಾಚಿನಿಂದ ಬ್ಯಾಚಿಗೆ ಬಣ್ಣ ಬದಲಿಸುತ್ತದೆ.