ಬಣ್ಣ ಹತ್ತದ ಹಾಳೆಗೆ ಕೊನೆಗೂ ನೀಲಿ ಹಿಡಿಸಿದೆ

‘ಪಾಲಿಥೀನ್‌ಗೆ ಬಣ್ಣ ಹತ್ತುತ್ತಾ? ಸುಮ್ನೆ ದುಡ್ಡು ದಂಡ’ ಅಂತ ಲ್ಯಾಬಿನಲ್ಲಿ ಎಲ್ಲರೂ ಹೇಳಿದ್ದರು. ಮೊದಲ ಆರು ತಿಂಗಳು ಅವರ ಮಾತೇ ಗೆದ್ದಿತು. ನನಗೆ ಸಿಕ್ಕಿದ್ದು ಅಂಟು ಮತ್ತು ಬಿಲ್ಲು, ಎರಡೇ.

ಬಣ್ಣ ಹಿಡಿಯುವ ಅಕ್ರಿಲಿಕ್ ಆಸಿಡ್ ಸರಪಳಿಗಳನ್ನು ಹಾಳೆಗೆ ಕಸಿ ಮಾಡುವುದು, ಅಂದರೆ ರಾಸಾಯನಿಕವಾಗಿ ಬೆಸೆಯುವುದು, ನನ್ನ ಉಪಾಯ. ಶುರುವಿನಲ್ಲಿ ಹಾಳೆಯನ್ನು ಆ ಆಸಿಡ್ ದ್ರಾವಣದಲ್ಲಿ ಮುಳುಗಿಸಿಯೇ ಗಾಮಾ ಕಿರಣ ಕೊಡಿಸಿದೆ. ಟ್ಯೂಬ್ ವಾಪಸ್ ಬಂದಾಗ ಒಳಗೆ ದ್ರಾವಣವೇ ಇಲ್ಲ, ಗಟ್ಟಿ ಜೆಲ್. ತಲೆಕೆಳಗಾಗಿ ಹಿಡಿದರೂ ಅಲ್ಲಾಡಲಿಲ್ಲ. ಟ್ಯೂಬ್ ಒಡೆದು ಹಾಳೆ ತೆಗೆಯಬೇಕಾಯಿತು. ಮಾನೋಮರ್ (ಸರಪಳಿ ಕಟ್ಟುವ ಬಿಡಿ ಅಣು, ಇಲ್ಲಿ ಅಕ್ರಿಲಿಕ್ ಆಸಿಡ್) ಎಲ್ಲಾ ತನ್ನಷ್ಟಕ್ಕೆ ತಾನೇ ಹೆಣೆದುಕೊಂಡಿತ್ತು, ಹಾಳೆಗೆ ಕಸಿ ಆಗಿದ್ದು ಲೆಕ್ಕಕ್ಕಿಲ್ಲ.

ಖರ್ಚಿನಲ್ಲಿ ದೊಡ್ಡ ಪಾಲು ಗಾಮಾ ಕಿರಣ ಕೊಡುವ ಕೋಬಾಲ್ಟ್-60 ಚೇಂಬರಿನ ಸಮಯಕ್ಕೇ ಹೋಗುತ್ತಿತ್ತು. ಮಾನೋಮರ್, ಬಣ್ಣ, ಹಾಳೆ ಎಲ್ಲಾ ಸೇರಿದರೂ ಅದರ ಕಾಲುಭಾಗ ಆಗುತ್ತಿರಲಿಲ್ಲ. ಒಂದು ಸಲ ಕೆಟ್ಟರೆ ಮತ್ತೆ ಸರದಿ, ಮತ್ತೆ ಬಿಲ್ಲು. ನಿಜ ಹೇಳಬೇಕೆಂದರೆ ದಾರಿ ಬದಲಿಸಿದ್ದು ವಿಜ್ಞಾನ ಹೊಳೆದು ಅಲ್ಲ, ಜೇಬು ನೋಡಿಕೊಂಡು. 50 ಮೈಕ್ರಾನ್ ಎಲ್‌ಡಿಪಿಇ (ಕಡಿಮೆ ಸಾಂದ್ರತೆಯ ಪಾಲಿಥೀನ್) ಹಾಳೆಯ ದೊಡ್ಡ ಕಟ್ಟಿಗೆ ಗಾಳಿಯಲ್ಲೇ ಒಮ್ಮೆ ಸುಮಾರು 25 ಕಿಲೋಗ್ರೇ ಡೋಸ್ ಗಾಮಾ ಕೊಡಿಸಿ ತಂದು ಫ್ರೀಜರಿಗೆ ಹಾಕಿದೆ. ಗಾಳಿಯ ಆಮ್ಲಜನಕದಿಂದ ಹಾಳೆಯಲ್ಲಿ ಹುಟ್ಟಿದ, ಆಮೇಲೆ ಬಿಸಿಯಲ್ಲಿ ಕಸಿ ಶುರು ಮಾಡುವ ಪೆರಾಕ್ಸೈಡುಗಳು ಅಲ್ಲಿ ತಣ್ಣಗೆ ಕೂತಿರುತ್ತವೆ. ಬೇಕಾದಾಗ ಒಂದು ತುಂಡು ಕತ್ತರಿಸಿಕೊಂಡರೆ ಆಯಿತು. ಹತ್ತು ಸಲ ಕೆಟ್ಟರೂ ಚೇಂಬರಿಗೆ ಮತ್ತೆ ದುಡ್ಡಿಲ್ಲ, ಅಲ್ವಾ?

ಕಸಿಗೆ ಅಕ್ರಿಲಿಕ್ ಆಸಿಡ್ 25 ಶೇಕಡಾ ಇರಬೇಕು, 65 ಡಿಗ್ರಿ, ನಾಲ್ಕು ಗಂಟೆ. ದ್ರಾವಣದಿಂದ ಆಮ್ಲಜನಕ ಓಡಿಸಲು ಬಿಡುವ ನೈಟ್ರೋಜನ್‌ನಲ್ಲಿ ಮಾತ್ರ ಜಿಪುಣತನ ಬೇಡ. ಹತ್ತು ನಿಮಿಷಕ್ಕೆ ನಿಲ್ಲಿಸಿದ ದಿನ ಕಸಿ (ಅಂದರೆ ಹಾಳೆಯ ತೂಕ ಏರಿದ್ದು) 2 ಶೇಕಡಾ ದಾಟಲಿಲ್ಲ, ಅರ್ಧ ಗಂಟೆ ಬಿಟ್ಟ ದಿನ 18ರ ಹತ್ತಿರ ಬಂತು. ಜೆಲ್ ತಡೆಯಲು ಮೋರ್ ಸಾಲ್ಟ್ (ಕಬ್ಬಿಣದ ಒಂದು ಲವಣ) ಹಾಕುವುದು ಈ ಕೆಲಸ ಮಾಡುವವರಿಗೆಲ್ಲ ಗೊತ್ತು. ಎಷ್ಟು, ಯಾವ ಹೊತ್ತಿನಲ್ಲಿ ಅನ್ನುವುದು ನನ್ನ ಹತ್ತಿರವೇ ಇರಲಿ.

ಮೊದಲ ಸಲ ಹಾಳೆ ಕಡು ನೀಲಿ ಆದಾಗ ಕುಣಿದಾಡಿದ್ದೆ. ಬಿಸಿನೀರಿಗೆ ಹಾಕಿದೆ ನೋಡಿ, ಅರ್ಧ ಬಣ್ಣ ಲೋಳೆಯಾಗಿ ಕಳಚಿ ಬಂತು. ನಾನು ಹಾಕಿದ ನೀಲಿ ಬಣ್ಣ ಮೆಥಿಲೀನ್ ಬ್ಲೂ ಹಿಡಿದಿದ್ದು ಹಾಳೆಯನ್ನಲ್ಲ, ಮೇಲೆ ಉಳಿದಿದ್ದ, ಕಸಿ ಆಗದ ಬಿಡಿ ಪಾಲಿಮರನ್ನು. ಅಂದಿನಿಂದ ಬಣ್ಣಕ್ಕೆ ಮೊದಲೇ ಬಿಸಿನೀರಿನಲ್ಲಿ ರಾತ್ರಿಯಿಡೀ ತೊಳೆಯುತ್ತೇನೆ, ನಡುವೆ ಮೂರು ಸಲ ನೀರು ಬದಲು. ಆಮೇಲೆ ತೂಕ ನಿಲ್ಲುವವರೆಗೂ ಒಣಗಿಸುವುದು. ಬಣ್ಣದ ನೀರು ಕ್ಷಾರ ಇದ್ದರೆ ಚೆನ್ನಾಗಿ ಹಿಡಿಯುತ್ತದೆ. ಈಗ ಸೋಪು ಹಚ್ಚಿ ಉಜ್ಜಿದರೂ ಬಿಡುವುದಿಲ್ಲ. ಪಕ್ಕದಲ್ಲಿಟ್ಟ ಕಸಿ ಮಾಡದ ಹಾಳೆ ಒಂದೇ ತೊಳೆತಕ್ಕೆ ಬೆಳ್ಳಗಾಗುತ್ತದೆ.

ನನಗೆ ತುಂಬಾ ಖುಷಿ ಕೊಟ್ಟಿದ್ದು ಬೇರೆ. ಹಾಳೆಯನ್ನು ಬ್ಲೇಡಿನಿಂದ ಅಡ್ಡ ಸೀಳಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ. 5 ಶೇಕಡಾ ಕಸಿಯಲ್ಲಿ ಎರಡು ಅಂಚಿಗೂ ತೆಳ್ಳನೆಯ ನೀಲಿ ಗೆರೆ, ನಡುವೆ ಬಣ್ಣವೇ ಇಲ್ಲ. 18ರ ತುಂಡಿನಲ್ಲಿ ಎರಡು ಗೆರೆಗಳೂ ಸೇರಿಕೊಂಡಿದ್ದವು. ಕಸಿ ಹೊರಗಿನಿಂದ ಒಳಕ್ಕೆ ತಿನ್ನುತ್ತಾ ಹೋಗುತ್ತದೆ ಅನ್ನುವುದನ್ನು ಕಣ್ಣಲ್ಲೇ ಕಂಡೆ. ಮೇಲ್ಮೈ ಮಾತ್ರ ಬೇಕಿದ್ದವರು ಬೇಗ ನಿಲ್ಲಿಸಬೇಕು.

ಕೈ ಸುಮ್ಮನಿರದೆ ಪಾಲಿಪ್ರೊಪಿಲೀನ್‌ಗೂ ಅಷ್ಟೇ ಡೋಸ್ ಕೊಡಿಸಿದ್ದೆ. ಕೆಲವು ವಾರಗಳಲ್ಲಿ ಮಡಿಸಿದರೆ ಚಟ್ ಅಂತ ಮುರಿಯಿತು. ಗಾಮಾ ಬದಲು ಬೆಂಜೋಫಿನೋನ್ (ಯುವಿ ಬೆಳಕಲ್ಲಿ ಕಸಿ ಶುರು ಮಾಡುವ ರಾಸಾಯನಿಕ) ಹಚ್ಚಿ ಯುವಿ ದೀಪದ ಕೆಳಗೂ ಇಟ್ಟೆ. ಅಗ್ಗ ಹೌದು, ಆದರೆ ಕಲೆಕಲೆ. ಹಾಳೆಯಲ್ಲಿ ಎಷ್ಟು ಆಸಿಡ್ ಕೂತಿದೆ ಅನ್ನುವ ಲೆಕ್ಕಕ್ಕೆ ಟೊಲುಯಿಡಿನ್ ಬ್ಲೂ ಬಣ್ಣ ಹಿಡಿಸಿ, 50 ಶೇಕಡಾ ಅಸಿಟಿಕ್ ಆಸಿಡ್‌ನಲ್ಲಿ ಬಿಡಿಸಿ, ಆ ದ್ರಾವಣ 633 ನ್ಯಾನೋಮೀಟರಿನ ಬೆಳಕನ್ನು ಎಷ್ಟು ಹೀರುತ್ತದೆ ಅಂತ ಓದುತ್ತೇನೆ. ನ್ಯೂಟ್ರಲ್ ರೆಡ್ ಅನ್ನುವ ಕೆಂಪು ಬಣ್ಣವನ್ನು ಕಾರ್ಬೋಡೈಇಮೈಡ್ (ಅಣುಗಳನ್ನು ಜೋಡಿಸುವ ರಾಸಾಯನಿಕ) ಹಾಕಿ ಗಟ್ಟಿ ಬಂಧದಿಂದ ಕೂರಿಸುವ ಪ್ರಯತ್ನ ಇನ್ನೂ ಕೈಗೆ ಬಂದಿಲ್ಲ.

ಮೊನ್ನೆ ‘ದುಡ್ಡು ದಂಡ’ ಅಂದವರೇ ಫ್ರೀಜರಿನಿಂದ ಎರಡು ತುಂಡು ಕೇಳಿದರು. ಕೊಟ್ಟೆ. ಮೋರ್ ಸಾಲ್ಟ್ ಎಷ್ಟು ಅಂತಲೂ ಕೇಳಿದರು.