ಬ್ರೇಕ್ ಹೋಸ್ ಬದಲಿಸುವಾಗ ಆ ಹತ್ತರ ನಟ್ ಜೋಪಾನ

ಕಾರಿನ ಮುಂಚಕ್ರಕ್ಕೆ ಬ್ರೇಕ್ ಆಯಿಲ್ ಒಯ್ಯುವ ರಬ್ಬರ್ ಕೊಳವೆ, ಅಂದರೆ ಬ್ರೇಕ್ ಹೋಸ್, ಬದಲಿಸುವುದು ಒಂದು ಗಂಟೆಯ ಕೆಲಸ. ಓಪನ್ ಸ್ಪ್ಯಾನರ್ ಹಾಕಿ, ಲೋಹದ ಪೈಪನ್ನು ಹೋಸಿಗೆ ಸೇರಿಸುವ ಹತ್ತು ಮಿಲಿಮೀಟರಿನ ಫ್ಲೇರ್ ನಟ್‌ನ ಮೂಲೆ ಸವೆಸಿಬಿಟ್ಟರೆ ಅದೇ ಎರಡು ದಿನದ ರಗಳೆ. ಮನೆಯಂಗಳವಿರಲಿ, ರಸ್ತೆಬದಿಯ ಗ್ಯಾರೇಜಿರಲಿ, ಈ ಕೆಲಸ ಕೆಡುವುದು ಹೆಚ್ಚಾಗಿ ಇದೊಂದೇ ಜಾಗದಲ್ಲಿ. ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ಮಾಮೂಲಿ ಹ್ಯಾಚ್‌ಬ್ಯಾಕ್ ಕಾರನ್ನೇ ಲೆಕ್ಕಕ್ಕೆ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಪರೀಕ್ಷೆ

ಸ್ಟೀರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿದರೆ ಚಕ್ರ ಬಿಚ್ಚದೆಯೇ ಹೋಸ್ ಕಾಣುತ್ತದೆ. ಟಾರ್ಚ್ ಹಿಡಿದು, ಎರಡೂ ತುದಿಯ ಲೋಹದ ಬಳೆಯ ಪಕ್ಕದಲ್ಲಿ ರಬ್ಬರನ್ನು ಬೆರಳಿನಿಂದ ಬಗ್ಗಿಸಿ. ಬಿರುಕು ಮೊದಲು ಬಿಡುವುದು ಅಲ್ಲೇ. ಮೇಲ್ಪದರದಲ್ಲಿ ಕೂದಲೆಳೆಯಂಥ ಗೆರೆಗಳಿದ್ದರೆ ಬೇಗ ಬದಲಿಸಿ. ಒಳಗಿನ ದಾರದ ನೇಯ್ಗೆ ಇಣುಕಿದರೆ ಕಾರನ್ನು ಹೊರಗೆ ತೆಗೆಯಲೇಬೇಡಿ. ಎಂಜಿನ್ ಚಾಲೂ ಮಾಡಿ, ಇನ್ನೊಬ್ಬರಿಂದ ಪೆಡಲ್ ಒತ್ತಿಸಿ ಹೋಸ್ ಮುಟ್ಟಿ ನೋಡಿ. ಒಂದೇ ಕಡೆ ಗುಳ್ಳೆಯಂತೆ ಉಬ್ಬಿದರೆ ನೇಯ್ಗೆ ಹರಿದಿದೆ ಎಂದೇ ಅರ್ಥ.

ಹೊರಗೆ ನೀಟಾಗಿದ್ದು ಒಳಪದರ ಊದಿಕೊಂಡ ಹೋಸ್ ಇನ್ನೂ ತಲೆನೋವಿನದು. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್, ಡಿಸ್ಕನ್ನು ಅದುಮಿ ಹಿಡಿಯುವ ಕ್ಯಾಲಿಪರ್‌ಗೆ ಹೋಗುತ್ತದೆ, ಕಾಲು ತೆಗೆದರೆ ವಾಪಸು ಬರುವುದಿಲ್ಲ. ಚಕ್ರ ಹಿಡಿದುಕೊಂಡು ಬಿಸಿಯಾಗುತ್ತದೆ, ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ. ಬಹಳ ಕಡೆ ಇದಕ್ಕೆ ನೇರವಾಗಿ ಕ್ಯಾಲಿಪರ್ ಬದಲಿಸಿ ಬಿಲ್ ಹಾಕುತ್ತಾರೆ. ಅದಕ್ಕೂ ಮುಂಚೆ ಇಷ್ಟು ಮಾಡಿ: ಚಕ್ರ ಬಿಗಿಹಿಡಿದಿರುವಾಗಲೇ ಹೋಸಿನ ಮೇಲ್ತುದಿಯ ಫ್ಲೇರ್ ನಟ್ ಸ್ವಲ್ಪ ಸಡಿಲಿಸಿ. ಚಕ್ರ ಬಿಡಲಿಲ್ಲವೇ? ಈಗ ಕ್ಯಾಲಿಪರ್‌ನ ಬ್ಲೀಡರ್ (ಗಾಳಿ ತೆಗೆಯುವ ಸ್ಕ್ರೂ) ತೆರೆಯಿರಿ. ಆಯಿಲ್ ಚಿಮ್ಮಿ ಚಕ್ರ ಸಲೀಸಾಗಿ ತಿರುಗಿದರೆ ದೋಷ ಹೋಸಿನದು. ಎರಡಕ್ಕೂ ಜಗ್ಗದಿದ್ದರೆ ಪಿಸ್ಟನ್ನೋ ಸ್ಲೈಡ್ ಪಿನ್ನೋ ಕಚ್ಚಿಕೊಂಡಿದೆ.

ಆರೈಕೆಗೆ ಹೆಚ್ಚೇನೂ ಬೇಡ. ಕೆಸರು ಮೆತ್ತಿದ್ದರೆ ಬರೀ ನೀರಿನಲ್ಲಿ ತೊಳೆಯಿರಿ. ಹೋಸಿನ ಇಪಿಡಿಎಂ ರಬ್ಬರ್‌ಗೆ ಡೀಸೆಲ್, ಸೀಮೆಎಣ್ಣೆ, ಎಂಜಿನ್ ಆಯಿಲ್ ಆಗಿಬರುವುದಿಲ್ಲ, ಊದಿಕೊಂಡು ಮೆತ್ತಗಾಗುತ್ತದೆ. ಮಳೆಗಾಲಕ್ಕೆ ಮುಂಚೆ ಕಾರಿನ ಅಡಿಗೆ ಹಳೇ ಆಯಿಲ್ ಸ್ಪ್ರೇ ಮಾಡುವ ವಾಟರ್ ಸರ್ವೀಸ್‌ನವರಿಗೆ ಬೇಡವೆಂದು ಮೊದಲೇ ಹೇಳಿ. ಪ್ಯಾಡ್ ಬದಲಿಸುವಾಗ ಕ್ಯಾಲಿಪರನ್ನು ಹೋಸಿನಿಂದ ನೇತುಬಿಡದೆ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ.

ಕೊಳ್ಳುವಾಗ

ಹೋಸ್ ಜೋಡಿಯಾಗಿಯೇ ಬದಲಿಸಿ. ಎಡಗಡೆಯದು ಹೋದರೆ ಬಲಗಡೆಯದೂ ಅಷ್ಟೇ ಹಳೆಯದು. ರಬ್ಬರ್ ಮೇಲೆ ಬ್ರೇಕ್ ಹೋಸಿನ ಗುಣಮಟ್ಟ ಸೂಚಿಸುವ ಎಸ್‌ಎಇ ಜೆ1401 ಎಂಬ ಅಚ್ಚು, ತಯಾರಿಕೆಯ ದಿನಾಂಕ ನೋಡಿ. ಅಂಗಡಿಯಲ್ಲಿ ನಾಲ್ಕು ವರ್ಷ ಕೂತ ಹೋಸ್ ಅರ್ಧ ಬೆಲೆಗೆ ಕೊಟ್ಟರೂ ಬೇಡ. ಹೆಸರಿಲ್ಲದ ಸ್ಟೀಲ್ ಜಾಲರಿಯ ಹೋಸೂ ಬೇಡ, ಊರೊಳಗೆ ಓಡಾಡುವ ಕಾರಿಗೆ ಅದರಿಂದ ಆಗುವ ಲಾಭ ಅಷ್ಟಕ್ಕಷ್ಟೆ. ಹೋಸನ್ನು ಕ್ಯಾಲಿಪರ್‌ಗೆ ಸೇರಿಸುವ ಪ್ರತಿ ಬ್ಯಾಂಜೋ ಬೋಲ್ಟ್‌ಗೆ ಎರಡರಂತೆ ಹೊಸ ತಾಮ್ರದ ವಾಷರ್, ಬ್ರೇಕ್ ಆಯಿಲ್ ಟ್ಯಾಂಕಿನ ಮುಚ್ಚಳದ ಮೇಲೆ ಬರೆದಿರುವ ಡಾಟ್ 3 ಅಥವಾ ಡಾಟ್ 4 ಆಯಿಲ್‌ನ ಸೀಲ್ ಒಡೆಯದ ಬಾಟಲಿ ತನ್ನಿ. ಸಿಲಿಕೋನ್‌ನ ಡಾಟ್ 5 ಇವಕ್ಕೆ ಸೇರದು. ಇದೆಲ್ಲಕ್ಕಿಂತ ಮುಖ್ಯ, ಫ್ಲೇರ್ ನಟ್ ಸ್ಪ್ಯಾನರ್. ಪೈಪ್ ತೂರುವಷ್ಟು ಸೀಳು ಬಿಟ್ಟ ರಿಂಗ್ ಸ್ಪ್ಯಾನರ್ ಅದು, ನಟ್‌ನ ಐದು ಬದಿಗಳನ್ನು ಹಿಡಿಯುತ್ತದೆ. ಹೆಚ್ಚಿನ ಕಾರುಗಳಿಗೆ ಹತ್ತರದು ಸಾಕು. ಅದಿಲ್ಲದಿದ್ದರೆ ಕೆಲಸಕ್ಕೇ ಕೈಹಾಕಬೇಡಿ.

ಬಿಚ್ಚುವುದು

ಹಿಂಚಕ್ರಕ್ಕೆ ಅಡ್ಡಗಲ್ಲು ಕೊಟ್ಟು, ಜಾಕಿ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ ಚಕ್ರ ಕಳಚಿ. ಬ್ರೇಕ್ ಪೆಡಲನ್ನು ಎರಡು ಮೂರು ಸೆಂಟಿಮೀಟರ್ ಒತ್ತಿ ಕೋಲು ಕೊಟ್ಟು ನಿಲ್ಲಿಸಿದರೆ, ಪೆಡಲಿನ ಒತ್ತಡವನ್ನು ಆಯಿಲ್‌ಗೆ ಕೊಡುವ ಮಾಸ್ಟರ್ ಸಿಲಿಂಡರ್‌ನ ರಂಧ್ರ ಮುಚ್ಚಿ, ಟ್ಯಾಂಕಿನ ಆಯಿಲ್ ಅಷ್ಟಾಗಿ ಸೋರುವುದಿಲ್ಲ. ಬ್ರೇಕ್ ಲೈಟ್ ಉರಿಯುತ್ತಲೇ ಇರುತ್ತದೆ, ಬ್ಯಾಟರಿಯ ನೆಗೆಟಿವ್ ಕಳಚಿಡಿ. ಹೋಸನ್ನು ವೈಸ್ ಗ್ರಿಪ್ ಎಂಬ ಬಿಗಿಹಿಡಿದು ನಿಲ್ಲುವ ಇಕ್ಕಳದಿಂದ ಹಿಸುಕಿ ಆಯಿಲ್ ನಿಲ್ಲಿಸುವ ಚಾಳಿ ಕೆಲವರಿಗಿದೆ. ಎಸೆಯುವ ಹೋಸಿಗೆ ಪರವಾಗಿಲ್ಲ, ಉಳಿಸಿಕೊಳ್ಳುವ ಹೋಸಿನ ಒಳಪದರ ಅದರಿಂದಲೇ ಹರಿಯುವುದು.

ಈಗ ನಟ್. ತಂತಿ ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಡಿ. ಮಂಗಳೂರು, ಕಾರವಾರದ ಕಡೆ ಓಡಿದ ಕಾರಾದರೆ ಹಿಂದಿನ ರಾತ್ರಿಯೇ ಹೊಡೆದಿಡುವುದು ಒಳ್ಳೆಯದು. ನಟ್‌ಗಷ್ಟೇ ಅಲ್ಲ, ಅದರ ಬೆನ್ನಿನಲ್ಲಿ ಪೈಪ್ ತೂರುವ ಸಂದಿಗೂ ಬೀಳಬೇಕು. ಹೋಸಿನ ತುದಿಯನ್ನು ಇನ್ನೊಂದು ಸ್ಪ್ಯಾನರ್‌ನಿಂದ ಅಲುಗದಂತೆ ಹಿಡಿದು, ಮೊದಲು ಕೂದಲೆಳೆಯಷ್ಟು ಬಿಗಿಮಾಡಿ, ಆಮೇಲೆ ಸಡಿಲಿಸಿ. ಕಾಲು ಸುತ್ತು ಹಿಂದೆ, ಅರೆಕಾಲು ಮುಂದೆ, ಹೀಗೇ ಬಿಚ್ಚುತ್ತ ಬನ್ನಿ. ಕಣ್ಣು ನಟ್ ಮೇಲಲ್ಲ, ಪೈಪ್ ಮೇಲಿರಲಿ. ನಟ್ ಜೊತೆ ಪೈಪೂ ತಿರುಚಿಕೊಂಡರೆ ತಕ್ಷಣ ನಿಲ್ಲಿಸಿ. ನಟ್ ಪೈಪಿಗೆ ಕಚ್ಚಿಕೊಂಡಿದೆ, ಇನ್ನರ್ಧ ಸುತ್ತಿಗೆ ಪೈಪ್ ಮುರಿಯುತ್ತದೆ. ಆಗ ನಟ್ಟನ್ನು ಅಲುಗದಂತೆ ಹಿಡಿದು ಹೋಸನ್ನೇ ತಿರುಗಿಸಿ ಬಿಡಿಸಬೇಕು. ಅದಕ್ಕಾಗಿ ಹೋಸಿನ ತುದಿಯನ್ನು ಬ್ರಾಕೆಟ್‌ನಲ್ಲಿ ಹಿಡಿದಿಡುವ ಯು ಕ್ಲಿಪ್ ಎಳೆದು, ತುದಿಯನ್ನು ಬ್ರಾಕೆಟ್‌ನಿಂದ ಹೊರತಂದು, ಹೋಸನ್ನು ನಡುವೆ ಕತ್ತರಿಸಿದರೂ ಸರಿಯೇ. ಗ್ಯಾಸ್ ಟಾರ್ಚ್ ಮಾತ್ರ ಹತ್ತಿರ ತರಬೇಡಿ, ಬ್ರೇಕ್ ಆಯಿಲ್‌ಗೆ ಬೆಂಕಿ ಹತ್ತುತ್ತದೆ.

ಮೂಲೆ ಸವೆದೇ ಹೋಗಿದ್ದರೆ ವೈಸ್ ಗ್ರಿಪ್ ಒಂದೇ ಕೊನೆಯ ದಾರಿ. ಪೈಪ್ ಮುರಿದರೆ, ತುದಿಯನ್ನು ಎರಡು ಪದರವಾಗಿ ಮಡಿಸಿ ಅಗಲಿಸಿದ, ಅಂದರೆ ಡಬಲ್ ಫ್ಲೇರ್ ಮಾಡಿದ ಸ್ಟೀಲ್ ಪೈಪನ್ನೇ ಹಾಕಿಸಿ. ಎಸಿಯ ತಾಮ್ರದ ಪೈಪ್ ತುಂಡು ಸೇರಿಸಿ ಕೊಡುತ್ತೇನೆ ಎನ್ನುವವರ ಹತ್ತಿರ ಕಾರು ಬಿಡಬೇಡಿ.

ಕೂರಿಸುವುದು

ಕ್ಲಿಪ್ ಹಾಕುವ ಮುಂಚೆ, ಹೋಸ್ ಸಡಿಲವಾಗಿರುವಾಗಲೇ ಫ್ಲೇರ್ ನಟ್ಟನ್ನು ಬೆರಳಿನಿಂದ ನಾಲ್ಕೈದು ಸುತ್ತು ಹತ್ತಿಸಿ. ಬೆರಳಿಗೆ ಹತ್ತದ್ದು ಸ್ಪ್ಯಾನರ್‌ಗೆ ಹತ್ತಿದರೆ ಥ್ರೆಡ್ ಕೆಟ್ಟಂತೆ. ನಂತರ ಹೊಸ ವಾಷರ್‌ಗಳ ನಡುವೆ ಹೋಸಿನ ಉಂಗುರದಂಥ ತುದಿ, ಅಂದರೆ ಬ್ಯಾಂಜೋ, ಕೂರಿಸಿ, ಅದರ ಕೊಕ್ಕು ಕ್ಯಾಲಿಪರ್‌ನ ಕಚ್ಚಿನೊಳಗೆ ಬಿದ್ದಿದೆಯೇ ನೋಡಿ, ಕ್ಲಿಪ್ ಹೊಡೆದು ಎರಡನ್ನೂ ಬಿಗಿಮಾಡಿ. ಫ್ಲೇರ್ ನಟ್‌ಗೆ ಸಾಮಾನ್ಯವಾಗಿ 14ರಿಂದ 18, ಬ್ಯಾಂಜೋಗೆ 23ರಿಂದ 30 ನ್ಯೂಟನ್ ಮೀಟರ್. ನಿಮ್ಮ ಕಾರಿನ ಸರ್ವೀಸ್ ಮ್ಯಾನ್ಯುಯಲ್ ಬೇರೆ ಹೇಳಿದರೆ ಅದೇ ಸರಿ. ರಬ್ಬರ್ ಮೇಲಿನ ಉದ್ದಗೆರೆ ನೇರವಾಗಿರಬೇಕು, ಸುತ್ತಿಕೊಂಡಿದ್ದರೆ ಹೋಸ್ ತಿರುಚಿದೆ. ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ, ಎಲ್ಲಿಯೂ ಉಜ್ಜುವುದಿಲ್ಲ, ಬಿಗಿಯಾಗಿ ಎಳೆಯುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ.

ಕೋಲು ತೆಗೆದು ಏರ್ ತೆಗೆಯಿರಿ: ಒತ್ತಿ ಹಿಡಿ, ಬ್ಲೀಡರ್ ತೆರೆ, ಮುಚ್ಚು, ಪೆಡಲ್ ಬಿಡು. ಗುಳ್ಳೆ ನಿಲ್ಲುವವರೆಗೆ ಇಷ್ಟೇ. ಟ್ಯಾಂಕಿನಲ್ಲಿ ಆಯಿಲ್ ಕನಿಷ್ಠ ಗೆರೆಗಿಂತ ಕೆಳಗೆ ಇಳಿಯಬಾರದು. ಎಬಿಎಸ್ ಘಟಕದೊಳಗೆ ಗಾಳಿ ಹೊಕ್ಕರೆ ಹಲವು ಕಾರುಗಳಲ್ಲಿ ಸ್ಕ್ಯಾನರ್ ಹಾಕಿಯೇ ತೆಗೆಸಬೇಕು. ಬಾಡಿಯ ಮೇಲೆ ಚೆಲ್ಲಿದ ಆಯಿಲ್ ಪೇಂಟ್ ತಿನ್ನುತ್ತದೆ, ತಕ್ಷಣ ನೀರು ಹಾಕಿ.

ಎಂಜಿನ್ ಚಾಲೂ ಇಟ್ಟು ಪೆಡಲನ್ನು ಬಲವಾಗಿ ಅರ್ಧ ನಿಮಿಷ ಒತ್ತಿಸಿ, ಎರಡೂ ಜಾಯಿಂಟ್‌ಗೆ ಟಿಶ್ಯೂ ಪೇಪರ್ ಸುತ್ತಿ ನೋಡಿ. ಒದ್ದೆಯಾದರೆ ಇನ್ನಷ್ಟು ಬಿಗಿಮಾಡುತ್ತ ಹೋಗಬೇಡಿ, ಬಿಚ್ಚಿ ವಾಷರ್ ಮತ್ತು ಫ್ಲೇರ್‌ನ ಮುಖ ನೋಡಿ. ಒಂದೆರಡು ದಿನ ಓಡಿಸಿದ ಮೇಲೆ ಟಿಶ್ಯೂ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಉಳಿದ ಅರ್ಧ ಬಾಟಲಿ ಆಯಿಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಮುಂದಿನ ವರ್ಷಕ್ಕೆಂದು ಎತ್ತಿಡಬೇಡಿ.