ಮೂರು ವಾರ ತಾಳುವ ಸಂಚಿಕೆ: ಮಾಸಪತ್ರಿಕೆ ಕಟ್ಟುವ ನಮ್ಮ ಕ್ರಮ

12ನೇ ತಾರೀಖು ಕೈಸೇರಿದ ರಾಜಕೀಯ ಲೇಖನ ಓದುಗರ ಮನೆ ಮುಟ್ಟುವಾಗ ಮುಂದಿನ ತಿಂಗಳ 3 ಅಥವಾ 4 ಆಗಿರುತ್ತದೆ. ರಾಜಕೀಯ, ಸಂಸ್ಕೃತಿ, ಪ್ರಚಲಿತ ವಿದ್ಯಮಾನಗಳ ಮಾಸಪತ್ರಿಕೆ ಮಾಡುವವರು ಈ ಮೂರು ವಾರದ ಅಂತರವನ್ನು ಲೆಕ್ಕಕ್ಕೆ ಹಿಡಿದೇ ಪುಟ ಹಂಚಬೇಕು. ನಾವು ಮಾಡುವುದು ಹೀಗೆ.

ಆಕಾರ ಕ್ರೌನ್ 1/4, ಕತ್ತರಿಸಿದ ಮೇಲೆ ಸುಮಾರು 7.25 x 9.5 ಇಂಚು. 20 x 30 ಇಂಚಿನ ಒಂದು ಹಾಳೆಯ ಎರಡೂ ಬದಿ ಸೇರಿ 16 ಪುಟ. ಅದು ಒಂದು ಫಾರಂ. 48 ಪುಟಕ್ಕೆ ಮೂರು ಫಾರಂ. ಒಳಪುಟಗಳಿಗೆ 70 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಅಳತೆ) ಮ್ಯಾಪ್‌ಲಿಥೊ ಎಂಬ ಬಿಳಿ ಅಚ್ಚುಕಾಗದ, ಮುಖಪುಟಕ್ಕೆ 170 ಜಿಎಸ್‌ಎಂ ಆರ್ಟ್ ಪೇಪರ್. ಪ್ರತಿಯ ತೂಕ 90 ಗ್ರಾಂ ಆಸುಪಾಸು. 64 ಪುಟಕ್ಕೆ ಹೋದರೆ 60 ಜಿಎಸ್‌ಎಂ ಕಾಗದದಲ್ಲೂ 100 ಗ್ರಾಂ ಆಗಿಬಿಡುತ್ತದೆ, ವಿಳಾಸದ ಸುತ್ತುಕಾಗದ ಸೇರಿದರೆ ಅಂಚೆ ದರದ ಮುಂದಿನ ಹಂತ. ಆದ್ದರಿಂದ ಪುಟಸಂಖ್ಯೆ ತೀರ್ಮಾನಿಸುವ ಮುನ್ನ ಅದೇ ಕಾಗದದ ಖಾಲಿ ಪ್ರತಿಯೊಂದನ್ನು ಮಾಡಿಸಿ ತೂಗಿಸಬೇಕು.

ನಡುವೆ ಪಿನ್ ಹೊಡೆಯುವ 48 ಪುಟದ ಸಂಚಿಕೆಯಲ್ಲಿ ಒಳಗಿನ ಫಾರಂ 17ರಿಂದ 32. ಮಧ್ಯದ್ದು 9–16 ಮತ್ತು 33–40. ಹೊರಗಿನದು 1–8 ಮತ್ತು 41–48. ಕಥೆ, ಪುಸ್ತಕ ವಿಮರ್ಶೆ, ರಂಗಭೂಮಿ, ದೀರ್ಘ ಸಂದರ್ಶನ ಇವೆಲ್ಲ ಒಳಗಿನ ಫಾರಂಗೆ. ಅದು 20ಕ್ಕೇ ಅಚ್ಚಿಗೆ ಹೋಗುತ್ತದೆ. ಸಂಪಾದಕೀಯ, ರಾಜಕೀಯ ವಿಶ್ಲೇಷಣೆ, ತಿಂಗಳ ಟಿಪ್ಪಣಿಗಳು ಹೊರಗಿನ ಫಾರಂನಲ್ಲಿ, 25ರವರೆಗೆ ತೆರೆದಿರುತ್ತವೆ. ರಾಜಕೀಯ ಲೇಖನವನ್ನು 20ನೇ ಪುಟಕ್ಕೆ ಹಾಕಿದರೆ ಆ ಐದು ದಿನ ಕೈತಪ್ಪಿತು. ಮಡಚಿದಾಗ ಒಳಗಿನ ಹಾಳೆಗಳು ಹೊರಗೆ ಚಾಚುವುದರಿಂದ ಅವುಗಳ ಅಂಚು ಹೆಚ್ಚು ಕತ್ತರಿಸಿಹೋಗುತ್ತದೆ. ಪುಟಸಂಖ್ಯೆ ಹೊರ ಅಂಚಿನಲ್ಲಿದ್ದರೆ ಕನಿಷ್ಠ 10 ಮಿಲಿಮೀಟರ್ ಜಾಗ ಬಿಡಿ.

ಹೆಚ್ಚು ಹೊತ್ತು ಹಿಡಿಯುವುದು ಪರಿಶೀಲನೆ. 'ನಿನ್ನೆ', 'ಮೊನ್ನೆ', 'ಇತ್ತೀಚೆಗೆ' ಎಂಬ ಮಾತುಗಳನ್ನೆಲ್ಲ ತೆಗೆದು ತಾರೀಖು ಹಾಕುತ್ತೇವೆ. ತೀರ್ಪು ಬಾಕಿಯಿರುವ ವಿಷಯವಾದರೆ, ತೀರ್ಪು ಯಾವ ಕಡೆ ಬಂದರೂ ವಾದ ನಿಲ್ಲುತ್ತದೆಯೇ ಎಂದು ಓದಿ ನೋಡುತ್ತೇವೆ. ನಿಲ್ಲದಿದ್ದರೆ ಲೇಖಕರಿಗೆ ವಾಪಸ್ಸು.

ಅಂಕಿಗಳಲ್ಲಿ ಎಡವುವುದು ಹೇಗೆಂಬುದಕ್ಕೆ ಒಂದು ಉದಾಹರಣೆ. ಕರ್ನಾಟಕ ವಿಧಾನಸಭಾ ಚುನಾವಣೆಯ ಬಗ್ಗೆ '2023ರಲ್ಲಿ ಬಿಜೆಪಿಯ ಜನಬೆಂಬಲ ಕುಸಿಯಿತು' ಎಂಬ ವಾಕ್ಯ ಸುಲಭವಾಗಿ ನುಸುಳುತ್ತದೆ. ಸ್ಥಾನಗಳು 2018ರ 104ರಿಂದ 66ಕ್ಕೆ ಇಳಿದದ್ದು ನಿಜ. ಮತಪ್ರಮಾಣ ಮಾತ್ರ ಎರಡೂ ಸಲ ಶೇ. 36ರ ಹತ್ತಿರವೇ ಇತ್ತು. ಕಾಂಗ್ರೆಸ್ಸಿನದು ಶೇ. 38ರಿಂದ 43ರ ಸಮೀಪಕ್ಕೆ ಏರಿತು, ಜೆಡಿಎಸ್‌ನದು 18ರಿಂದ 13ಕ್ಕೆ ಇಳಿಯಿತು. ಇಷ್ಟನ್ನು ನೋಡಿ 'ಜೆಡಿಎಸ್ ಮತ ಕಾಂಗ್ರೆಸ್ಸಿಗೆ ಹೋಯಿತು' ಎಂದು ಬರೆದರೆ ಅದೂ ಒಪ್ಪತಕ್ಕದ್ದಲ್ಲ; ಯಾರ ಮತ ಎತ್ತ ಹೋಯಿತೆಂದು ಈ ಮೊತ್ತಗಳು ಹೇಳುವುದಿಲ್ಲ. ಸ್ಥಾನ, ಮತಪ್ರಮಾಣ, ಒಟ್ಟು ಮತ ಮೂರನ್ನೂ ಚುನಾವಣಾ ಆಯೋಗದ ವರದಿಯಿಂದಲೇ ತೆಗೆದು ಲೇಖನದ ಅಂಚಿನಲ್ಲಿ ಬರೆದಿಟ್ಟುಕೊಳ್ಳುವುದು ನಮ್ಮ ರೂಢಿ. ಇನ್ನೊಂದು ಪತ್ರಿಕೆಯ ವರದಿಯನ್ನು ಆಧಾರವೆಂದು ನಾವು ಒಪ್ಪುವುದಿಲ್ಲ.

'ನುಡಿ' ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬಂದ ಕಡತವನ್ನು ಯೂನಿಕೋಡಿಗೆ ಬದಲಿಸುವಾಗ ನಡುವಿನ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗುತ್ತವೆ, ಅರ್ಕಾವತ್ತು ಜಾಗ ತಪ್ಪುತ್ತದೆ. ಬದಲಿಸಿದ ಪ್ರತಿಯನ್ನು ಮೂಲದ ಪಕ್ಕದಲ್ಲಿಟ್ಟು ಸಾಲುಸಾಲಾಗಿ ಓದದೆ ಬೇರೆ ದಾರಿಯಿಲ್ಲ. ಪುಟ ವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ಭಾರತೀಯ ಲಿಪಿಗಳಿಗೆ ಹೊಂದುವ ಪ್ಯಾರಾಗ್ರಾಫ್ ಕಂಪೋಸರ್ (ಅಕ್ಷರ, ಸಾಲು ಜೋಡಿಸುವ ಆಯ್ಕೆ) ಆರಿಸದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗುತ್ತವೆ. ಇದನ್ನು ಪ್ಯಾರಾಗ್ರಾಫ್ ಶೈಲಿಯಲ್ಲೇ ನಿಗದಿಮಾಡಿದರೆ ಹೊಸ ಪುಟ ಸೇರಿಸಿದಾಗಲೂ ತೊಂದರೆ ಬಾರದು.

ಹೊಸದಾಗಿ ಶುರುಮಾಡುವವರು ಹೆಸರಿಗೆ ಒಪ್ಪಿಗೆ ಸಿಗುವ ಮೊದಲು ಲಾಂಛನ, ಲೆಟರ್‌ಹೆಡ್ ಮಾಡಿಸಬೇಡಿ. 2024ರ ಮಾರ್ಚ್ 1ರಿಂದ 1867ರ ಕಾಯ್ದೆಯ ಬದಲು 2023ರ ಪತ್ರಿಕಾ ನೋಂದಣಿ ಕಾಯ್ದೆ ಜಾರಿಯಲ್ಲಿದೆ. ಅರ್ಜಿ ಪ್ರೆಸ್ ಸೇವಾ ಪೋರ್ಟಲ್‌ನಲ್ಲಿ. ಹೆಸರಿನ ಜೊತೆ ಪರ್ಯಾಯಗಳೂ ಕೈಯಲ್ಲಿರಲಿ.

ಕೊನೆಯ ಪಿಡಿಎಫನ್ನು ಪರದೆಯ ಮೇಲಷ್ಟೇ ನೋಡಿ ಅಚ್ಚಿಗೆ ಬಿಡಬೇಡಿ. ಕಾಗದದ ಮೇಲೆ ತೆಗೆದು, ಫಾರಂ ಪ್ರಕಾರ ಮಡಚಿ, ಲೇಖನ ಓದದ ಒಬ್ಬರ ಕೈಗೆ ಕೊಡಿ. ತಲೆಬರಹ, ಲೇಖಕರ ಹೆಸರು, ಚಿತ್ರದ ಅಡಿಬರಹ, 'ಮುಂದಿನ ಪುಟಕ್ಕೆ' ಸೂಚನೆ ಈ ನಾಲ್ಕನ್ನು ಮಾತ್ರ ನೋಡಲು ಹೇಳಿ. ಲೇಖನ ತಿದ್ದಿದವರ ಕಣ್ಣಿಗೆ ಬೀಳದ ತಪ್ಪುಗಳು ಹೆಚ್ಚಾಗಿ ಇಲ್ಲೇ ಇರುತ್ತವೆ.